ಸಿಟ್ಟನ್ನು ಫೋಟೊದಲ್ಲಿ ಕಟ್ಟೋದು ಹೇಗೆ? ಕಾರವಾರದ ಗುಂಪು ಕೆಲಸಕ್ಕೆ ಸಲಹೆ ಬೇಕು

ಕಾಳಿದಂಡೆ
ಕಾರವಾರದಲ್ಲಿ ಆರು ಜನ ಸೇರಿ ಮನುಷ್ಯನ ಸಿಟ್ಟಿನ ಮೇಲೆ ಒಂದು ಫೋಟೊ ಸರಣಿ ಮಾಡ್ತಾ ಇದ್ದೇವೆ. ದಾರಿಯಲ್ಲಿ ಸಿಕ್ಕಿದ್ದು ಹೊಡೆಯೋದಲ್ಲ. ಜಾಗ, ಬಟ್ಟೆ, ಬೆಳಕು, ನಿಲುವು ಎಲ್ಲಾ ಮೊದಲೇ ಕೂತು ಕಟ್ಟುವಂಥದ್ದು. ಇಬ್ಬರು ಹವ್ಯಾಸಿ ನಾಟಕದವರು, ಒಬ್ಬರು ಯಕ್ಷಗಾನದವರು, ಉಳಿದ ಮೂವರು ಕ್ಯಾಮೆರಾ ಮತ್ತು ಲೈಟು. ಟ್ರಯಲ್ ಫೋಟೊಗಳಲ್ಲಿ ಎಲ್ಲರ ಮುಖವೂ ಹಲ್ಲುನೋವು ಬಂದವರ ಹಾಗೆ ಕಾಣ್ತದೆ. ಬಾಯಿ ಬಿಟ್ಟು ಕೂಗಿಸಿದ್ರೆ ಸಿನಿಮಾ ಪೋಸ್ಟರ್. ಕೇಳಬೇಕಾದ್ದು ಮೂರು: ಮುಖದಲ್ಲಿ ಸಿಟ್ಟು ತರಿಸೋದು ಹೇಗೆ, ಊಟದ ತಟ್ಟೆ ಎಸೆಯುವ ಒಂದು ದೃಶ್ಯ ಉಂಟು ಅದನ್ನು ಅಪಾಯ ಇಲ್ಲದೆ ಮಾಡೋದು ಹೇಗೆ, ಲೈಟ್ ಎಷ್ಟು ಬೇಕು. ಇರೋದು ಎರಡು ಸ್ಪೀಡ್‌ಲೈಟ್ (ಕ್ಯಾಮೆರಾಕ್ಕೆ ಹಾಕುವ ಸಣ್ಣ ಫ್ಲಾಶ್), ಒಂದು ಸಾಫ್ಟ್‌ಬಾಕ್ಸ್ (ಫ್ಲಾಶ್ ಬೆಳಕು ಮೆದು ಮಾಡುವ ಬಟ್ಟೆಯ ಡಬ್ಬ), 35 ಮತ್ತು 85 ಮಿ.ಮೀ. ಲೆನ್ಸ್.

ಐಎಸ್‌ಒ100
"ಸಿಟ್ಟು ಮಾಡು" ಅಂತ ಹೇಳೋದನ್ನು ಮೊದಲು ನಿಲ್ಲಿಸಿ. ಹಾಗೆ ಹೇಳಿದ ಕೂಡಲೇ ಎಲ್ಲರೂ ಹಲ್ಲು ಕಚ್ಚಿ ಕಣ್ಣು ಕಿರಿದು ಮಾಡ್ತಾರೆ. ನಿಮ್ಮ ಹಲ್ಲುನೋವು ಅಲ್ಲಿಂದಲೇ ಬಂದದ್ದು.

ಎಕ್ಮನ್ ಮತ್ತು ಫ್ರೀಸೆನ್ 1978ರಲ್ಲಿ ಮುಖದ ಒಂದೊಂದು ಚಲನೆಗೂ ಒಂದೊಂದು ನಂಬರ್ ಕೊಟ್ಟು ಪಟ್ಟಿ ಮಾಡಿದ್ದಾರೆ. ಅದರಲ್ಲಿ ಸಿಟ್ಟಿಗೆ ಮುಖ್ಯವಾದ್ದು ನಾಲ್ಕು: ಹುಬ್ಬು ಕೆಳಗಿಳಿದು ಹತ್ತಿರ ಬರೋದು (4), ಮೇಲಿನ ರೆಪ್ಪೆ ಏಳೋದು (5), ಕೆಳರೆಪ್ಪೆ ಬಿಗಿಯೋದು (7), ತುಟಿ ಬಿಗಿದು ತೆಳ್ಳಗಾಗೋದು (23). ಹೊಸಬರಿಗೆ 5 ಬರೋದಿಲ್ಲ. ಹುಬ್ಬು ಇಳಿಸಿದ ಕೂಡಲೇ ಮೇಲಿನ ರೆಪ್ಪೆಯೂ ಅದರ ಜೊತೆ ಇಳಿದುಬಿಡ್ತದೆ. ಇಳಿದ ಹುಬ್ಬಿನ ಕೆಳಗೆ ತೆರೆದ ಕಣ್ಣು, ಇದಕ್ಕೆ ಕನ್ನಡಿ ಮುಂದೆ ಅಭ್ಯಾಸ ಬೇಕು. ಸುಲಭದ ದಾರಿ: ಗದ್ದ ಸ್ವಲ್ಪ ಇಳಿಸಿ, ಲೆನ್ಸಿನ ಮೇಲಂಚು ನೋಡೋಕೆ ಹೇಳಿ. ಕಣ್ಣು ತಾನೇ ಮೇಲೆ ಬರ್ತದೆ.

ಇನ್ನೊಂದು, ಈ ಮುಖವನ್ನು ಹಿಡಿದು ನಿಲ್ಲಿಸೋಕೆ ಹೋಗಬೇಡಿ. ಎರಡು ಮೂರು ಸೆಕೆಂಡ್ ಆದ ಮೇಲೆ ಅದು ಮುಖವಾಡ. ಖಾಲಿ ಮುಖದಿಂದ ಶುರು ಮಾಡಿಸಿ, ಸಿಟ್ಟು ಏರುವಾಗಲೇ ಬರ್ಸ್ಟ್ (ಒಂದರ ಹಿಂದೆ ಒಂದು ಫೋಟೊ) ಹೊಡೆಯಿರಿ.

ಶಿರಸಿಪೇಟೆ
ಮುಖ ಮುಖ ಅಂತ ಎಲ್ಲರೂ ಮುಖಕ್ಕೇ ಬೀಳ್ತೀರಿ. ಶಿರಸಿಯ ಬೇಡರ ವೇಷದ ಜಾನಪದ ಕುಣಿತ ನೋಡಿದ್ದೀರಾ? ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷದ ಹೋಳಿ ಹಬ್ಬಕ್ಕೆ ರಾತ್ರಿ ಹೊರಡ್ತದೆ. ಜಾತ್ರೆ 2024ರಲ್ಲಿ ಆಯ್ತು, ಬೇಡರ ವೇಷ 2025ರಲ್ಲಿ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ದಪ್ಪ ಮೀಸೆ ಎಲ್ಲಾ ಇದ್ದದ್ದೇ. ಆದ್ರೆ ಜನ ಹಿಂದೆ ಸರಿಯೋದು ಮೀಸೆ ನೋಡಿ ಅಲ್ಲ. ಹಿಂದಿನಿಂದ ಹಗ್ಗ ಹಿಡಿದವರು ಜಗ್ಗುತ್ತಾ ಇರ್ತಾರಲ್ಲ, ಅದನ್ನು ನೋಡಿ. ಹಗ್ಗ ತೆಗೆದುಬಿಡಿ, ಉಳಿಯೋದು ಬರೀ ವೇಷ.

ಸಿಟ್ಟು ಕಾಣೋದು ಅದಕ್ಕೆ ತಡೆ ಇದ್ದಾಗ. ಖಾಲಿ ಬ್ಯಾಕ್‌ಡ್ರಾಪ್ ಮುಂದೆ ಒಬ್ಬನನ್ನೇ ನಿಲ್ಲಿಸಿ ಕೂಗು ಅಂದ್ರೆ ಎಂತ ಬರ್ತದೆ? ನಿಮ್ಮಲ್ಲಿ ಆರು ಜನ ಇದ್ದೀರಿ, ಒಬ್ಬರು ತಡೀರಿ.

ಬಡಗುತಿಟ್ಟು
@ಶಿರಸಿಪೇಟೆ ಮಾತು ಚಂದ, ಪೂರ್ತಿ ಒಪ್ಪೋದಿಲ್ಲ. ಯಕ್ಷಗಾನದ ರೌದ್ರಕ್ಕೆ ಹಗ್ಗ ಎಲ್ಲಿದೆ? ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ದುಷ್ಟಬುದ್ಧಿ, ಭಸ್ಮಾಸುರ ಕಂಡವರಿಗೆ ಗೊತ್ತು, ಹಿಡಿಯುವವರು ಯಾರೂ ಇಲ್ಲದೆ ಇಡೀ ರಂಗ ತುಂಬ್ತಿತ್ತು.

ಶಿರಸಿಪೇಟೆ
ತಾಳ ಇಲ್ವಾ ಮಾರಾಯ್ರೆ? ಚಂಡೆ ಹೇಳಿದಲ್ಲಿ ನಿಲ್ಲಬೇಕು. ಅದೇ ಹಗ್ಗ.

ಬಡಗುತಿಟ್ಟು
ಹ್ಞಾಂ, ಅದು ಒಂದು ಲೆಕ್ಕಕ್ಕೆ ಸರಿ. 😄

ಆದ್ರೆ ಕಾಳಿದಂಡೆಯವರಿಗೆ ಹೇಳಬೇಕಾದ್ದು ಬೇರೆ. ರಂಗದ ಅಭಿನಯದ ಅಳತೆ ದೂರ ಕೂತವನಿಗೆ. ದೀವಟಿಗೆ ಬೆಳಕಿನಲ್ಲಿ ಹಿಂದಿನ ಸಾಲಿಗೂ ಮುಟ್ಟಬೇಕು ಅಂತ ಕಣ್ಣು, ಹುಬ್ಬು, ಗದ್ದ ಎಲ್ಲಾ ದೊಡ್ಡದಾಗಿ ಆಡ್ತದೆ. 85 ಮಿ.ಮೀ. ಲೆನ್ಸ್ ಎರಡು ಮೀಟರ್‌ನಲ್ಲಿ ಇಟ್ಟು ಅದನ್ನೇ ಮಾಡಿಸಿದ್ರೆ ಅತಿ ಆಗ್ತದೆ. ನಿಮ್ಮ ಯಕ್ಷಗಾನದವರನ್ನು ಪೂರ್ತಿ ವೇಷದಲ್ಲಿ, ಇಡೀ ಮೈ ಬರುವ ಹಾಗೆ, ದೂರದಿಂದ 35ರಲ್ಲಿ ತೆಗೀರಿ. ಕ್ಲೋಸಪ್ ನಾಟಕದವರದ್ದು.

ವೀರಕ್ಕೂ ರೌದ್ರಕ್ಕೂ ಕಲಸುಮೇಲೋಗರ ಮಾಡ್ಕೋಬೇಡಿ. ನಾಟ್ಯಶಾಸ್ತ್ರದಲ್ಲಿ ವೀರದ ಸ್ಥಾಯಿ (ಮೂಲಭಾವ) ಉತ್ಸಾಹ, ರೌದ್ರದ ಸ್ಥಾಯಿ ಕ್ರೋಧ. ಫೋಟೊದಲ್ಲಿ ಸುಲಭದ ಗುರುತು ಗದ್ದ: ಮೇಲೆದ್ದರೆ ವೀರ, ದರ್ಪ, ಇಳಿದು ಕಣ್ಣು ಮೇಲೆ ನೋಡಿದ್ರೆ ಕ್ರೋಧ. ಫೇಸ್‌ಬುಕ್ಕಿನಲ್ಲಿ "ರೌದ್ರ" ಅಂತ ಹಾಕುವ ಅರ್ಧಕ್ಕರ್ಧ ಫೋಟೊ ವೀರದ್ದು.

ಮೆಟ್ಟುಗತ್ತಿ
ಹೆಂಗಸರ ಸಿಟ್ಟು ನಿಮ್ಮ ಪಟ್ಟಿಯಲ್ಲಿ ಉಂಟಾ ಇಲ್ವಾ? ಇದ್ರೆ ನಾಲಿಗೆ ಚಾಚಿದ ಕಾಳಿ, ಕೂದಲು ಬಿಚ್ಚಿದ ದ್ರೌಪದಿ ಎರಡನ್ನೂ ದಯವಿಟ್ಟು ಬಿಡಿ.

ಅಡಿಕೆ ಸುಲಿಯುವ ದೃಶ್ಯ ನೋಡಿ. ಮೆಟ್ಟುಗತ್ತಿ (ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ) ಮೇಲೆ ಕೂತ ಹೆಂಗಸು, ಬಲಕ್ಕೆ ಸಿಪ್ಪೆ ರಾಶಿ, ಎದುರು ಬುಟ್ಟಿ. ಮಾತಿಲ್ಲ. ಕೈ ಮಾತ್ರ ಬೇಕಾದ್ದಕ್ಕಿಂತ ಜೋರು. ಮುಖ ಫ್ರೇಮಿನ ಹೊರಗೆ ಇರಲಿ, ಗದ್ದದ ತನಕ ಸಾಕು. ಶಟರ್ 1/30ರಿಂದ 1/15 ಇಟ್ರೆ ಕೈ ಅಲುಗಿದ್ದು ಮಸುಕಾಗಿ ಬರ್ತದೆ, ಕತ್ತಿ ಚೂಪಾಗಿ ನಿಲ್ತದೆ. ಟ್ರೈಪಾಡ್ ಬೇಕೇಬೇಕು.

ಒಂದು ಎಚ್ಚರಿಕೆ: ಜೋರಾಗಿ ಸುಲಿಯೋದನ್ನು ಅಭಿನಯ ಮಾಡುವವರಿಗೆ ಹರಿತದ ಕತ್ತಿ ಕೊಡಬೇಡಿ. ಕತ್ತಿಯ ಬಾಯಿಗೆ ಪಾರದರ್ಶಕ ಟೇಪು ಉದ್ದಕ್ಕೆ ಅಂಟಿಸಿ, ಮೊದಲೇ ಅರ್ಧ ಸುಲಿದಿಟ್ಟ ಅಡಿಕೆ ಕೊಡಿ. ಟೇಪಿನ ಹೊಳಪು ಬಂದ್ರೆ ಲೈಟಿನ ಕೋನ ಸ್ವಲ್ಪ ತಿರುಗಿಸಿದ್ರೆ ಹೋಗ್ತದೆ.

ಕುಮಟಾಪ್ಯಾಸೆಂಜರ್
ಮೀನು ಮಾರ್ಕೆಟಿನಲ್ಲಿ ಜಗಳ ಆಡುವ ದೃಶ್ಯ ಹಾಕಿ, ಕಾರವಾರ ಅಂದ್ರೆ ಅದೇ ಅಲ್ವಾ

ಮೆಟ್ಟುಗತ್ತಿ
ಅಲ್ಲ. ಗಾಳಿ, ಅಲೆ, ಗಿರಾಕಿಗಳ ನಡುವೆ ಕೇಳಿಸಲಿ ಅಂತ ಎತ್ತಿದ ದನಿಯನ್ನು ಸಿಟ್ಟು ಅಂತ ಫೋಟೊ ಹಿಡಿದು ಗೋಡೆಗೆ ಹಾಕೋದು ಸುಲಭದ ಕೆಲಸ. ಅವರು ದಿನವೂ ಆಡುವುದು ವ್ಯಾಪಾರ.

ಕುಮಟಾಪ್ಯಾಸೆಂಜರ್
ಸರಿ ಅಕ್ಕ, ಹಿಂದೆ ತಗೊಂಡೆ.

ಸಕ್ಕರೆಪಾಕ
ತಟ್ಟೆ ವಿಷಯಕ್ಕೆ ಬರ್ತೇನೆ. ನಿಜವಾದ ಪಿಂಗಾಣಿ, ಗಾಜು ಬೇಡ, ಚೂರು ಆರೇಳು ಅಡಿ ಹಾರ್ತದೆ. ಸಿನಿಮಾದವರು ಮಾಡುವ ಸಕ್ಕರೆ ಗಾಜು ಮನೆಯಲ್ಲೇ ಆಗ್ತದೆ: ಸಕ್ಕರೆ 350 ಗ್ರಾಂ, ಲಿಕ್ವಿಡ್ ಗ್ಲೂಕೋಸ್ 160 ಗ್ರಾಂ, ನೀರು 240 ಮಿ.ಲೀ. ದಪ್ಪ ತಳದ ಪಾತ್ರೆ, ಮಧ್ಯಮ ಉರಿ, 150 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ. ಥರ್ಮಾಮೀಟರ್ ಇಲ್ಲದೆ ಅಂದಾಜಿಗೆ ಇಳಿಸಬೇಡಿ. 140ಕ್ಕೆ ಇಳಿಸಿದ್ರೆ ಮುರಿಯುವ ಬದಲು ಬಾಗ್ತದೆ, 160 ದಾಟಿದ್ರೆ ಕಂದು ಬಣ್ಣ. ಎಣ್ಣೆ ಸವರಿದ ಸ್ಟೀಲ್ ತಟ್ಟೆಯಲ್ಲಿ 4 ಮಿ.ಮೀ. ದಪ್ಪಕ್ಕೆ ಸುರಿದು ಆರಲು ಬಿಡಿ. ಪಾಕ ಕೈಗೆ ಸಿಡಿದ್ರೆ ಚರ್ಮಕ್ಕೆ ಅಂಟಿ ಸುಡ್ತದೆ, ಮಕ್ಕಳು ಅಡುಗೆಮನೆಯಲ್ಲಿ ಬೇಡ.

ಕರಾವಳಿಯಲ್ಲಿ ಇದರ ದೊಡ್ಡ ಶತ್ರು ಗಾಳಿಯ ತೇವ. ಮಳೆಗಾಲದಲ್ಲಿ ಮಾಡಿದ ಒಂದೆರಡು ಗಂಟೆಗೇ ಮೇಲ್ಮೈ ಅಂಟಂಟು. ಆರಿದ ಕೂಡಲೇ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಹೊಡೆಯುವ ಐದು ನಿಮಿಷ ಮೊದಲು ತೆಗೀರಿ. ಫ್ರಿಜ್‌ನಲ್ಲಿ ಇಡಬೇಡಿ, ಹೊರಗೆ ತೆಗೆದ ಕೂಡಲೇ ಬೆವರ್ತದೆ. ಮತ್ತೆ, ಇದು ಮೊಂಡಲ್ಲ. ಗಾಜಿಗಿಂತ ಮೆದು ಅಷ್ಟೇ, ಚೂರಿನ ಅಂಚು ಗೀರ್ತದೆ. ಬರಿಗಾಲಲ್ಲಿ ನಿಲ್ಲಿಸಬೇಡಿ.

ದೇವಬಾಗ
ನಮ್ಮ ಕಡೆ ಮನೆಗಳಲ್ಲಿ ಗಾಜಿನ ತಟ್ಟೆಯಲ್ಲಿ ಉಣ್ಣೋದು ಯಾರು? ಸ್ಟೀಲ್ ತಟ್ಟೆ, ಕುಚ್ಚಲಕ್ಕಿ ಗಂಜಿ. ತಟ್ಟೆ ಹಾರಿದ್ರೆ ಮುರಿಯೋದೇ ಇಲ್ಲ, ಅನ್ನ ಹಾರ್ತದೆ. ಅದೇ ನಿಜ ಕಾಣ್ತದೆ.

ಸಕ್ಕರೆಪಾಕ
ಅದೂ ಆಗ್ತದೆ. ಅನ್ನ ಪೂರ್ತಿ ಆರಿಸಿ, ಒಂದು ಬಟ್ಟಲಿಗೆ ಒಂದು ಚಮಚ ಎಣ್ಣೆ ಹಾಕಿ ಬಿಡಿಸಿ. ಇಲ್ಲದಿದ್ರೆ ಮುದ್ದೆಯಾಗಿ ಒಂದೇ ಕಡೆ ಬೀಳ್ತದೆ, ಹಾರಿದ್ದು ಕಾಣೋದಿಲ್ಲ.

ಗುಣವಂತೆ
ಅನ್ನ ಚೆಲ್ಲಿ ಫೋಟೊ ಮಾಡೋದು ನನಗೆ ಸರಿ ಕಾಣೋದಿಲ್ಲ. ಹತ್ತು ಸಲ ಹೊಡೆದ್ರೆ ಹತ್ತು ಬಟ್ಟಲು ಅನ್ನ ನೆಲಕ್ಕೆ.

ದೇವಬಾಗ
ಕಲೆಗೆ ಒಂದು ಪಾವು ಅಕ್ಕಿ ಹೋದ್ರೆ ಮುಳುಗೋದೇನು

ಗುಣವಂತೆ
ಮುಳುಗೋದು ಅಕ್ಕಿ ಅಲ್ಲ. ನೋಡುವವರ ಗಮನ ಸಿಟ್ಟಿನಿಂದ ಚೆಲ್ಲಿದ ಅನ್ನಕ್ಕೆ ಹೋಗ್ತದೆ, "ಛೇ ಅನ್ನ" ಅನ್ನಿಸ್ತದೆ. ಅಷ್ಟಕ್ಕೂ ನಮ್ಮ ಮನೆಗಳಲ್ಲಿ ಸಿಟ್ಟು ಬಂದವನು ತಟ್ಟೆ ಎಸೆಯೋದು ಕಡಿಮೆ. ಅರ್ಧ ಉಂಡ ತಟ್ಟೆಯನ್ನು ಒಂದು ಗೇಣು ಮುಂದೆ ತಳ್ಳಿ ಕೈ ತೊಳೆಯೋಕೆ ಏಳ್ತಾನೆ. ಆ ಒಂದು ಗೇಣು ಫೋಟೊ ಮಾಡಿ. ನೆಲದ ಮೇಲೆ ತಟ್ಟೆ ಜಾರಿದ ಗಂಜಿ ನೀರಿನ ಗೆರೆ, ಎದುರು ಬಡಿಸುತ್ತಿದ್ದವಳ ಸೌಟು ಗಾಳಿಯಲ್ಲೇ. ಏಳುತ್ತಿರುವವನ ಮಂಡಿ ತನಕ ಮಾತ್ರ. ಕ್ಯಾಮೆರಾ ನೆಲದಿಂದ ಅರ್ಧ ಅಡಿ ಎತ್ತರ, 35ರಲ್ಲಿ ಎಫ್/8 (ಲೆನ್ಸಿನ ಕಿಂಡಿಯ ಅಳತೆ).

ಶಿರಸಿಪೇಟೆ
ಇದು 👌 ಸೌಟು ನಿಂತದ್ದೇ ತಡೆ.

ಕಾಳಿದಂಡೆ
ಗುಣವಂತೆಯವರೇ, ಇದನ್ನೇ ಮಾಡ್ತೇವೆ. ಸಕ್ಕರೆ ಗಾಜು ಬೇರೆ ಫ್ರೇಮಿಗೆ (ಕನ್ನಡಿ ಒಡೆಯೋದು) ಇಟ್ಕೊಳ್ತೇವೆ. ಲೈಟ್ ಬಗ್ಗೆ ಯಾರಾದ್ರೂ ಹೇಳಿ.

ಗೈಡ್‌ನಂಬರ್
ಹಾರುವ ಚೂರು ನಿಲ್ಲಿಸೋದು ಶಟರ್ ಅಲ್ಲ, ಫ್ಲಾಶ್ ಉರಿಯುವ ಅವಧಿ. ನಿಕಾನ್ ಎಸ್‌ಬಿ-900 ಫ್ಲಾಶಿನ ಲೆಕ್ಕ ತಗೊಳ್ಳಿ: ಪೂರ್ತಿ ಪವರ್‌ನಲ್ಲಿ 1/880 ಸೆಕೆಂಡ್, 1/16 ಪವರ್‌ನಲ್ಲಿ 1/10000. ಅಂದ್ರೆ ಪವರ್ ಇಳಿಸಿದಷ್ಟೂ ಚೂರು ಗಟ್ಟಿಯಾಗಿ ನಿಲ್ತದೆ. ಬೇರೆ ಕಂಪನಿಯ ಸ್ಪೀಡ್‌ಲೈಟೂ ಹೆಚ್ಚುಕಮ್ಮಿ ಇದೇ ದಾರಿ. 1/16ರಲ್ಲಿ ಇನ್ನೊಂದು ಲಾಭ, ರೀಸೈಕಲ್ (ಮತ್ತೆ ಚಾರ್ಜ್) ಬೇಗ ಆಗೋದ್ರಿಂದ ಐಎಸ್‌ಒ100 ಹೇಳಿದ ಬರ್ಸ್ಟ್ ಕೂಡ ಸಿಗ್ತದೆ.

ಬೆಳಕು ಸಾಕಾಗ್ತದಾ? 35 ಮಿ.ಮೀ. ಝೂಮ್‌ನಲ್ಲಿ ಗೈಡ್ ನಂಬರ್ (ಫ್ಲಾಶಿನ ಬಲದ ಅಳತೆ, ದೂರದಿಂದ ಭಾಗಿಸಿದ್ರೆ ಎಫ್ ನಂಬರ್) 36 ಮೀಟರ್ ಅಂತಿಟ್ಕೊಳ್ಳಿ. 1/16ಕ್ಕೆ ಅದು ನಾಲ್ಕನೇ ಒಂದಾಗಿ 9. ಲೈಟ್ 1.2 ಮೀಟರ್ ದೂರ ಇದ್ರೆ ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 100ಕ್ಕೆ ಎಫ್/7.5. ಸಾಫ್ಟ್‌ಬಾಕ್ಸ್ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿದ್ರೆ ಬೆಳಕು ಅರ್ಧ) ತಿಂದ್ರೆ ಐಎಸ್‌ಒ 400ಕ್ಕೆ ಏರಿಸಿ, ಅದೇ ಎಫ್/7.5 ವಾಪಸ್. ಸಾಕು. ಹೈಸ್ಪೀಡ್ ಸಿಂಕ್ (ತೀರಾ ವೇಗದ ಶಟರಿಗೆ ಫ್ಲಾಶ್ ಹೊಂದಿಸುವ ಮೋಡ್) ಆಫ್ ಇರಲಿ. ಅದು ಆನ್ ಇದ್ರೆ ಫ್ಲಾಶ್ ಉದ್ದಕ್ಕೂ ಮಿಡಿಯುತ್ತಾ ಹೋಗ್ತದೆ, ಈ ಲೆಕ್ಕ ಎಲ್ಲಾ ಕೆಡ್ತದೆ.

ಕೋಪದ ಕ್ಲೋಸಪ್ಪಿಗೆ ಸಾಫ್ಟ್‌ಬಾಕ್ಸ್ ತೆಗೆದು ಬರೀ ಫ್ಲಾಶ್, ಹಣೆಗಿಂತ ಎರಡು ಅಡಿ ಮೇಲೆ, 45 ಡಿಗ್ರಿ ಬದಿಗೆ. ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬೀಳ್ತದೆ. ಇನ್ನೂ ಮೇಲೆ ಏರಿಸಿದ್ರೆ ಕಣ್ಣೇ ಕತ್ತಲೆ, ಆಗ ಎದೆ ಮಟ್ಟದಲ್ಲಿ ಬಿಳಿ ಥರ್ಮಾಕೋಲ್ ಹಿಡಿದು ಕಣ್ಣಲ್ಲಿ ಒಂದು ಚುಕ್ಕೆ ಹೊಳಪು ವಾಪಸ್ ತನ್ನಿ. ಕಣ್ಣಲ್ಲಿ ಹೊಳಪಿಲ್ಲದ ಸಿಟ್ಟು ಆಯಾಸದ ಹಾಗೆ ಕಾಣ್ತದೆ.

ದೇವಬಾಗ
ಇದೇ ಸೆಟಪ್ ಟಾಗೋರ್ ಬೀಚಿನಲ್ಲಿ ಸಂಜೆ ಐದಕ್ಕೆ ಇಟ್ರೆ? ಹಿಂದೆ ಸಮುದ್ರ, ಭಾರೀ ಚಂದ ಬರ್ತದೆ

ಗೈಡ್‌ನಂಬರ್
ಬರೋದಿಲ್ಲ. ಐಎಸ್‌ಒ 400, ಎಫ್/8, 1/200 ಅಂದ್ರೆ ಪೂರ್ತಿ ಬಿಸಿಲಿಗೆ ಮೂರು ಸ್ಟಾಪ್ ಹೆಚ್ಚು. ಐದು ಗಂಟೆಯ ಬಿಸಿಲಿಗೂ ಹೆಚ್ಚೇ. ಬಿಸಿಲೇ ಫೋಟೊ ಬರೀತದೆ, ಫ್ಲಾಶ್ ಏನೂ ನಿಲ್ಲಿಸೋದಿಲ್ಲ. ಹಗಲಲ್ಲಿ ಫ್ಲಾಶ್ ಬಿಟ್ಟು ಶಟರ್ ನಂಬಿ: ಎಫ್/5.6, 1/2000ದಿಂದ ಶುರು ಮಾಡಿ. ಫ್ಲಾಶೇ ಬೇಕಾದ್ರೆ ಸೂರ್ಯ ಮುಳುಗಿ 20-25 ನಿಮಿಷ ಆದ ಮೇಲೆ.

ಅಲ್ಲಿ ಮಧ್ಯಾಹ್ನದಿಂದ ಕಡಲಗಾಳಿ. ಸಾಫ್ಟ್‌ಬಾಕ್ಸ್ ಹಾಕಿದ ಸ್ಟ್ಯಾಂಡ್ ಖಂಡಿತ ಬೀಳ್ತದೆ. ಹತ್ತು ಕಿಲೋ ಮರಳು ಚೀಲ ಕಾಲಿಗೆ ಕಟ್ಟಿ, ಜೊತೆಗೆ ಒಬ್ಬರು ಹಿಡಿದೇ ಇರಬೇಕು. ಬಂದ ಮೇಲೆ ಲೆನ್ಸಿನ ಮುಂದಿನ ಗಾಜನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಉಪ್ಪಿನ ಹರಳು ಗೀರ್ತದೆ. ಮೊದಲು ಊದಿ, ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಒಣದು.

ಕುಮಟಾಪ್ಯಾಸೆಂಜರ್
ಕಾಳಿ ನದಿಯ ಹಳೇ ಸೇತುವೆ ಹಿನ್ನೆಲೆಗೆ ಇಟ್ಟು ಡ್ರೋನ್ ಹಾರಿಸಿ

ದೇವಬಾಗ
ಅದು 2024ರ ಆಗಸ್ಟ್‌ನಲ್ಲೇ ಕುಸಿದು ಬಿತ್ತಲ್ಲ ಮಾರಾಯ. ಡ್ರೋನ್ ಅಂತೂ ಮರೆತುಬಿಡು, ಕಾರವಾರದಲ್ಲೇ ಐಎನ್‌ಎಸ್ ಕದಂಬ ನೌಕಾನೆಲೆ ಉಂಟು.

ಚಿರೆಕಲ್ಲು
ಒಳಗೆ ತೆಗೆಯೋದಾದ್ರೆ ಗಿಲಾವು ಮಾಡದ ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ) ಗೋಡೆ ಒಳ್ಳೆ ಹಿನ್ನೆಲೆ, ರೌದ್ರಕ್ಕೆ ಶಾಸ್ತ್ರ ಹೇಳಿದ ಕೆಂಪು ಪುಕ್ಕಟೆ ಸಿಗ್ತದೆ. ಆದ್ರೆ ಮುಖ ಗೋಡೆಗೆ ತೀರಾ ಹತ್ತಿರ ಇದ್ರೆ ಗೋಡೆಯ ಕೆಂಪು ಪುಟಿದು ಕೆನ್ನೆಯ ನೆರಳಿನ ಬದಿಗೆ ಬೀಳ್ತದೆ, ವೈಟ್ ಬ್ಯಾಲೆನ್ಸ್ ಎಷ್ಟು ತಿರುಗಿಸಿದ್ರೂ ಹೋಗೋದಿಲ್ಲ. ಐದಾರು ಅಡಿ ಮುಂದೆ ನಿಲ್ಲಿಸಿ. ಮೇಲಿಂದ ಕೆಂಪು ಅಂಗಿ ಹಾಕಬೇಡಿ. ಹಾಕಲೇಬೇಕಾದ್ರೆ ಹಿಸ್ಟೋಗ್ರಾಮ್‌ನಲ್ಲಿ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಕೆಂಪು ಚಾನೆಲ್ ಬೇರೆಯಾಗಿ ನೋಡಿ. ಬಿಳಿ ಹಿಸ್ಟೋಗ್ರಾಮ್ ಸರಿ ಕಂಡರೂ ಕೆಂಪು ಮಿತಿ ದಾಟಿ ಬಟ್ಟೆಯ ನೆರಿಗೆ ಮಾಯ ಆಗಿರ್ತದೆ.

ಬಡಗುತಿಟ್ಟು
ಯಕ್ಷಗಾನದಲ್ಲಿ ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶಕ್ಕೆ ರಾಳದ ಪುಡಿ ದೀವಟಿಗೆಗೆ ಎರಚ್ತಾರೆ, ಭಗ್ ಅಂತ ಬೆಂಕಿ ಏಳ್ತದೆ. ಫೋಟೊಕ್ಕೆ ಅದು ಆಸೆ ಹುಟ್ಟಿಸ್ತದೆ. ಅಭ್ಯಾಸ ಇದ್ದವರು ಬಯಲಲ್ಲಿ ಮಾಡುವ ಕೆಲಸ ಅದು, ನೀವು ಕೋಣೆಯೊಳಗೆ ಮಾಡಬೇಡಿ.

ಗೈಡ್‌ನಂಬರ್
ಮೈದಾ, ಅಕ್ಕಿಹಿಟ್ಟು ಎರಚೋದಕ್ಕೂ ಇದೇ ಮಾತು. ಗಾಳಿಯಲ್ಲಿ ಹರಡಿದ ಹಿಟ್ಟಿಗೆ ಕಿಡಿ ತಾಗಿದ್ರೆ ಸ್ಫೋಟ. ಒಂದೇ ಫ್ರೇಮಿನಲ್ಲಿ ಹಿಟ್ಟೂ ದೀಪವೂ ಬೇಡ. ಬಿಳಿ ಬೇಕು ಅಂತ ಸುಣ್ಣದ ಪುಡಿ ಎರಚುವವರೂ ಇದ್ದಾರೆ, ಕಣ್ಣು ಹೋಗ್ತದೆ.

ಐಎಸ್‌ಒ100
ಕೈ ಬಗ್ಗೆ ಯಾರೂ ಹೇಳಲಿಲ್ಲ. ಮುಷ್ಟಿಯೊಳಗೆ ಹೆಬ್ಬೆರಳು ಮಡಚಿಟ್ರೆ ಹೆದರಿದ ಮಗುವಿನ ಕೈ. ಹೆಬ್ಬೆರಳು ಹೊರಗೆ, ಬೆರಳುಗಳ ಮೇಲೆ. ಐದು ಸೆಕೆಂಡ್ ಗಟ್ಟಿ ಹಿಂಡಿದ್ರೆ ಗೆಣ್ಣು ಬಿಳಿಚಿಕೊಳ್ತದೆ, ಆಗ ಕ್ಲಿಕ್. ನರ ಎದ್ದು ಕಾಣಬೇಕಾದ್ರೆ ಅರ್ಧ ನಿಮಿಷ ಕೈ ಕೆಳಗೆ ಜೋತುಬಿಟ್ಟು, ಎತ್ತಿದ ಕೂಡಲೇ ತೆಗೀರಿ. ಬೆವರಿಗೆ ಗ್ಲಿಸರಿನ್ ಮತ್ತು ನೀರು ಸಮಸಮ, ಸ್ಪ್ರೇ ಬಾಟಲಿ. ಬರೀ ನೀರು ಹರಿದುಹೋಗ್ತದೆ.

ಕುತ್ತಿಗೆಯ ನರಕ್ಕಾಗಿ ಉಸಿರು ಕಟ್ಟಿ ಮುಕ್ಕಿಸಬೇಡಿ, ಬಿಪಿ ಇದ್ದವರಿಗೆ ಅಪಾಯ. ಬದಲಿಗೆ ಬಾಯಿ ಮುಚ್ಚಿ ಮೂಗಿನಲ್ಲಿ ಸಣ್ಣ ಸಣ್ಣ ಜೋರು ಉಸಿರು, ಏಳೆಂಟು ಸೆಕೆಂಡ್. ಮೂಗಿನ ಹೊಳ್ಳೆ ತಾನೇ ಅರಳ್ತದೆ. ತಲೆ ತಿರುಗಿತು ಅಂದ್ರೆ ಕೂರಿಸಿ.

ಕುಮಟಾಪ್ಯಾಸೆಂಜರ್
ಇಷ್ಟೆಲ್ಲಾ ಯಾಕೆ? ಹೇಳದೆ ಕೇಳದೆ ನಿಜವಾಗ್ಲೂ ಸಿಟ್ಟು ಬರಿಸಿ ಹೊಡೀರಿ. ಚರ್ಚಿಲ್ ಬಾಯಿಂದ ಚುಟ್ಟಾ ಕಿತ್ತು ಫೋಟೊ ತೆಗೆದ ಹಾಗೆ.

ಗುಣವಂತೆ
ಅದು 1941ರ ಡಿಸೆಂಬರ್ 30, ಒಟ್ಟಾವಾದಲ್ಲಿ, ಯೂಸುಫ್ ಕಾರ್ಶ್ ತೆಗೆದದ್ದು. ಚುಟ್ಟಾ ಹೋದ ಕಿರಿಕಿರಿಯನ್ನು ಜಗತ್ತು ಯುದ್ಧದ ಛಲ ಅಂತ ಓದಿತು. ಅದರ ಮರುಕ್ಷಣದ ಫ್ರೇಮಿನಲ್ಲಿ ಚರ್ಚಿಲ್ ನಗ್ತಾ ಇದ್ದಾರೆ. 2006ರಲ್ಲಿ ಜಿಲ್ ಗ್ರೀನ್‌ಬರ್ಗ್ ಮಕ್ಕಳ ಕೈಯಿಂದ ಮಿಠಾಯಿ ಕಿತ್ತು ಅಳಿಸಿ ಫೋಟೊ ತೆಗೆದಾಗ ದೊಡ್ಡ ಗಲಾಟೆಯೇ ಆಯ್ತು. ಜೊತೆ ಸೇರಿ ಮಾಡುವ ಕೆಲಸದಲ್ಲಿ ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರು ಆಟ ಆಡಿಸಿದ್ರೆ ಮಾರನೇ ದಿನ ಆರು ಜನ ಉಳಿಯೋದಿಲ್ಲ.

ಕಟ್ಟಿದ್ದು ಸುಳ್ಳು ಅಂತಲೂ ಅಲ್ಲ. ಡಾರ್ವಿನ್ 1872ರಲ್ಲಿ ಭಾವಗಳ ಬಗ್ಗೆ ಬರೆದ ಪುಸ್ತಕಕ್ಕೆ ಫೋಟೊ ತೆಗೆದ ಆಸ್ಕರ್ ರೇಲಾಂಡರ್ ಕೆಲವು ಚಿತ್ರಗಳಿಗೆ ತಾನೇ ಅಭಿನಯ ಮಾಡಿ ನಿಂತಿದ್ದ, ಆಕ್ರೋಶದ ಭಂಗಿ ಕೂಡ ಅದರಲ್ಲಿ ಉಂಟು.

ಶಿರಸಿಪೇಟೆ
ಹಗ್ಗದ ಫ್ರೇಮ್ ಮಾಡುವುದಾದ್ರೆ ಲೆಕ್ಕ ಕೊಡ್ತೇನೆ. 12 ಮಿ.ಮೀ. ತೆಂಗಿನ ನಾರಿನ ಹಗ್ಗ, ಮೂರು ಮೀಟರಿನ ಎರಡು ತುಂಡು. ಸೊಂಟಕ್ಕೆ ಅಗಲದ ಬೆಲ್ಟ್ ಕಟ್ಟಿ ಅದಕ್ಕೆ ಹಗ್ಗ, ಮೇಲೆ ಬಟ್ಟೆ. ಕುತ್ತಿಗೆ, ಮಣಿಕಟ್ಟಿಗೆ ಬೇಡ. ಹಿಡಿದ ಇಬ್ಬರೂ ಹಿಂದೆ 30 ಡಿಗ್ರಿ ಆಚೀಚೆ, ಫ್ರೇಮಿನ ಹೊರಗೆ. ನಿಜವಾಗಿ ಜಗ್ಗಬೇಕು, ಸಡಿಲ ಹಗ್ಗ ಫೋಟೊದಲ್ಲಿ ಕೂಡಲೇ ಗೊತ್ತಾಗ್ತದೆ. ಮುಂದಿನವನು ಹಿಮ್ಮಡಿ ನೆಲಕ್ಕೆ ಊರಿ ಮೈ ಪೂರ್ತಿ ಮುಂದೆ ಬಿಡಲಿ. ಒಬ್ಬ ಬಿಟ್ರೆ ಮುಖ ನೆಲಕ್ಕೆ, ಅದಕ್ಕೆ ಎದುರು ಗಾದಿ ಹಾಸಿ. "ಬಿಡು" ಅನ್ನುವ ಶಬ್ದವನ್ನೇ ಆ ಹೊತ್ತಿಗೆ ಯಾರೂ ಆಡಬಾರದು, ನಿಲ್ಲಿಸೋಕೆ ಬೇರೆ ಶಬ್ದ ಇಟ್ಕೊಳ್ಳಿ.

ಕಾಳಿದಂಡೆ
ನಾರಿನ ಹಗ್ಗ ಕೈ ಸುಲಿಯೋದಿಲ್ವಾ?

ಶಿರಸಿಪೇಟೆ
ಸುಲೀತದೆ. ಹಿಡಿಯುವವರಿಗೆ ತೋಟದ ಕೈಗವಸು ಕೊಡಿ, ಅವರು ಹೇಗೂ ಫ್ರೇಮಿನಲ್ಲಿ ಇಲ್ಲ. ನೈಲಾನ್ ತರಬೇಡಿ, ಫ್ಲಾಶಿಗೆ ಹೊಳೀತದೆ.

ಚಿರೆಕಲ್ಲು
ಪ್ರಿಂಟ್ ಯಾವ ಪೇಪರಿನಲ್ಲಿ? ಮ್ಯಾಟ್ ಆದ್ರೆ ಚಿರೆಕಲ್ಲಿನ ಕೆಂಪು ಮಂಕಾಗ್ತದೆ, ಕಪ್ಪು ಬೂದಿಗೆ ತಿರುಗ್ತದೆ. ಲ್ಯಾಬಿನಿಂದ ಪೇಪರಿನ ಪ್ರೊಫೈಲ್ ಫೈಲ್ ಕೇಳಿ ಪರದೆ ಮೇಲೆ ಮೊದಲೇ ಪ್ರೂಫ್ ನೋಡಿ. ಇಡೀ ಸರಣಿ ಕೊಡುವ ಮೊದಲು 8×10ರಲ್ಲಿ ಒಂದೇ ಒಂದು ಹಾಕಿಸಿ.

ಕಾಳಿದಂಡೆ
ಲಸ್ಟರ್ (ಅರ್ಧ ಹೊಳಪಿನದ್ದು) ಅಂತ ಇದ್ದೆವು. ಗ್ಲಾಸಿ ಆದ್ರೆ ಗೋಡೆಗೆ ಹಾಕಿದಾಗ ಟ್ಯೂಬ್‌ಲೈಟ್ ಕಾಣ್ತದೆ.

ಚಿರೆಕಲ್ಲು
ಲಸ್ಟರ್ ಸಾಕು. ಗಂಜಿ ನೀರಿನ ಗೆರೆ ಇರುವ ಫ್ರೇಮ್ ಮಾತ್ರ ಪರದೆಯಲ್ಲಿ ಕಂಡದ್ದಕ್ಕಿಂತ ಕಾಲು ಸ್ಟಾಪ್ ಎತ್ತಿ ಕೊಡಿ, ನೆಲದ ವಿವರ ಪ್ರಿಂಟಿನಲ್ಲಿ ಮುಳುಗ್ತದೆ.